ಸೆಂಟ್ ಇಲ್ಲದ ಕಾಗದದ ಹಾಸು: ಇಲಿ ಗೂಡಿಗೆ ಇದೇ ಸರಿ

ಲ್ಯಾಬಿನ ಪುಟ್ಟ ಬಿಳಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗೂಡಿಗೆ ಈ ಕಾಗದದ ಚೂರು ಹಾಸಲು ಶುರುಮಾಡಿ ಆರು ತಿಂಗಳಾಯಿತು. ತುಂಬಾ ಇಷ್ಟವಾಗಿದೆ. ಮೊದಲಿನದಕ್ಕೆ ಸೆಂಟ್ ಹಾಕಿರುತ್ತಿದ್ದರು. ನಮಗೇನೋ ಹಿತ, ಆದರೆ ಇಲಿಗೆ ಮೂಗೇ ಕಣ್ಣು ಅಲ್ವಾ?

ಗಂಡಿನ ಉಚ್ಚೆಯಿಂದ ಒದ್ದೆಯಾದ ಒಂದು ಹಿಡಿ ಚೂರನ್ನು, ಗುಂಪಾಗಿ ಇಟ್ಟ ಹೆಣ್ಣುಗಳ ಗೂಡಿಗೆ ಹಾಕುತ್ತೇನೆ. ಮೀಸೆ ಅಲುಗಿಸುತ್ತಾ ಎಲ್ಲವೂ ಓಡಿ ಬಂದು ಮೂಸುತ್ತವೆ. ಮೂರನೇ ರಾತ್ರಿ ಜಾಸ್ತಿ ಹೆಣ್ಣುಗಳು ಬೆದೆಗೆ ಬರುತ್ತವೆ. ಇದಕ್ಕೆ ವಿಟನ್ ಪರಿಣಾಮ ಅಂತ ಹೆಸರು.

ಆದರೆ ಹಳೇ ಚೂರನ್ನು ಎಲ್ಲೆಂದರಲ್ಲಿ ಸುಮ್ನೆ ಸುರಿಯಬೇಡಿ. ಆಗಷ್ಟೇ ಕೂಡಿದ ಹೆಣ್ಣಿಗೆ ಬೇರೆ ಗಂಡಿನ ವಾಸನೆ ಬಡಿದರೆ ಗರ್ಭ ನಿಲ್ಲದೇ ಹೋಗಬಹುದು. 1959ರಲ್ಲಿ ವಿಜ್ಞಾನಿ ಹಿಲ್ಡಾ ಬ್ರೂಸ್ ತೋರಿಸಿದ್ದು ಇದನ್ನೇ.

ದೂಳು ಕಡಿಮೆ. ಚೀಲ ಮಾತ್ರ ಬೇಗ ಹರಿಯುತ್ತದೆ.