ತೋಟದ ಸೊಪ್ಪು, 14 ತಿಂಗಳು: ಬೇರು ಇದ್ದಾಗ, ಬೇರು ಹೋದ ಮೇಲೆ

ಕನಕಪುರ ರಸ್ತೆ ಕಡೆಯ ಒಂದು ಸಣ್ಣ ತೋಟದಿಂದ ಪ್ರತಿ ಶನಿವಾರ ಸೊಪ್ಪು ತರಿಸುತ್ತೇನೆ. ನಮ್ಮ ಮನೆ ಬನಶಂಕರಿಯಲ್ಲಿ. ಆರು ಕಟ್ಟಿಗೆ 180 ರೂಪಾಯಿ. ಬೀದಿ ಕೊನೆಯ ಸೊಪ್ಪಿನಮ್ಮನ ಹತ್ತಿರ ಇದಕ್ಕಿಂತ ಕಡಿಮೆಗೇ ಸಿಗುತ್ತದೆ. ಆದರೂ ಇವರನ್ನೇ ಹಿಡಿದುಕೊಂಡಿದ್ದು ಬೇರಿಗಾಗಿ.

ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯ ಎಲ್ಲಾ ಬೇರು, ಮಣ್ಣು ಸಮೇತ ಬರುತ್ತಿತ್ತು. ಬಾಳೆನಾರಿನ ಕಟ್ಟು, ಸುತ್ತ ಹಳೇ ಪೇಪರ್. ಒಂದು ಹನಿ ನೀರು ತಾಗಿರುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲೂ ಬೇರಿರುವ ಸೊಪ್ಪು ಸಿಗುತ್ತದೆ, ಅಲ್ವಾ? ಆದರೆ ಬಾಡಬಾರದು ಅಂತ ನೀರು ಚಿಮುಕಿಸುತ್ತಲೇ ಇರುತ್ತಾರೆ. ಆ ತೇವಕ್ಕೆ ಕಟ್ಟಿನ ಒಳಗಿನ ಎಲೆ ಮೊದಲು ಕೊಳೆಯುತ್ತದೆ.

ಶನಿವಾರ ಬೆಳಿಗ್ಗೆ ನಾನೂ ಅತ್ತೆಯೂ ಕಾಫಿ ಲೋಟ ಪಕ್ಕಕ್ಕಿಟ್ಟು, ನೆಲದ ಮೇಲೆ ಪೇಪರ್ ಹಾಸಿ ಕೂರುತ್ತಿದ್ದೆವು. ಅರ್ಧ ಕಟ್ಟು ಕೊತ್ತಂಬರಿಯನ್ನು ಬೇರು ಮುಳುಗುವಷ್ಟು ನೀರಿರುವ ಲೋಟದಲ್ಲಿ ನಿಲ್ಲಿಸುತ್ತಿದ್ದೆ. ಐದಾರು ದಿನ ತಲೆ ಬಾಗುತ್ತಿರಲಿಲ್ಲ. ಉಳಿದರ್ಧದ ಬೇರನ್ನು ಅತ್ತೆ ಕತ್ತರಿಸಿ, ನಾಲ್ಕು ಸಲ ತೊಳೆದು, ಮೆಣಸು ಜೀರಿಗೆ ಜೊತೆ ಕುಟ್ಟಾಣಿಯಲ್ಲಿ ಜಜ್ಜಿ ಸಾರಿಗೆ ಹಾಕುತ್ತಿದ್ದರು. ಆ ಘಮ ಎಲೆಯಿಂದ ಬರುವುದೇ ಇಲ್ಲ. ಅವರೆಕಾಯಿ ಕಾಲದಲ್ಲಿ ಇದೇ ತೋಟದ ಸಬ್ಬಸಿಗೆ ಹಾಕಿ ಅಕ್ಕಿರೊಟ್ಟಿ ತಟ್ಟಿದರೆ ಮೆಟ್ಟಿಲಲ್ಲೇ ವಾಸನೆ ಗೊತ್ತಾಗುತ್ತದೆ.

ಮೂರು ತಿಂಗಳ ಹಿಂದೆ ಚೀಲದಲ್ಲಿ ಪ್ಲಾಸ್ಟಿಕ್ ಡಬ್ಬಿ ಬಂತು. ಬೇರು ಕತ್ತರಿಸಿ, ತೊಳೆದು, ಚೆಂದವಾಗಿ ಜೋಡಿಸಿದ್ದರು. ಮುಚ್ಚಳದ ಒಳಗೆಲ್ಲಾ ನೀರಿನ ಹನಿ. ಮೂರನೇ ದಿನ ತೆಗೆದರೆ ತಳದ ಎಲೆಗಳು ಕಪ್ಪಾಗಿ ಬೆರಳಿಗೆ ಅಂಟಿದವು. ತುಂಬಾ ಬೇಜಾರಾಯಿತು. ಫೋನ್ ಮಾಡಿದೆ.

‘ಅಪಾರ್ಟ್‌ಮೆಂಟಿನವರು ಮಣ್ಣು ಬೇಡ ಅಂತಾರೆ ಮೇಡಂ.’

‘ನಮಗೆ ಮಣ್ಣೇ ಬೇಕು ಅಣ್ಣಾ.’

‘ನೋಡೋಣ’ ಅಂದರು. ಎರಡು ತಿಂಗಳು ಡಬ್ಬಿಯೇ ಬಂತು. ಅದೇ 180 ರೂಪಾಯಿ. ನಮ್ಮಂಥ ಮನೆಗೆ ಅದು ಸಣ್ಣ ದುಡ್ಡಲ್ಲ, ಅದರಲ್ಲಿ ಅರ್ಧ ಕಸಕ್ಕೆ ಹೋಗುತ್ತಿತ್ತು.

ಆದರೂ ಪೂರ್ತಿ ಬಿಡಲು ಮನಸ್ಸು ಬರಲಿಲ್ಲ. ಬಾಲ್ಕನಿಯ ಪುದೀನ ಇವರು ಕಳಿಸಿದ ಕಡ್ಡಿಯಿಂದಲೇ ಬಂದದ್ದು. ಕೆಳಗಿನ ಎಲೆ ಬಿಡಿಸಿ ನೀರಲ್ಲಿಟ್ಟೆ, ವಾರದಲ್ಲಿ ಗೆಣ್ಣಿನ ಹತ್ತಿರ ಬಿಳಿ ಬೇರು ಬಂತು. ಪುದೀನಕ್ಕೆ ಬೇರೆಯೇ ಕುಂಡ ಕೊಡಿ, ಪಕ್ಕದ ಗಿಡಗಳನ್ನೆಲ್ಲಾ ಆವರಿಸಿಬಿಡುತ್ತದೆ. ದೊಡ್ಡಪತ್ರೆ ಕಡ್ಡಿಯನ್ನು ಸುಮ್ನೆ ಮಣ್ಣಿಗೆ ಚುಚ್ಚಿದೆ, ಹಿಡಿದುಕೊಂಡಿತು. ಈಗ ತಂಬುಳಿಗೆ ಬೇಕಾದಷ್ಟು ಮನೆಯಲ್ಲೇ ಇದೆ. ಕೊತ್ತಂಬರಿ ಬೇರನ್ನೂ ನೆಟ್ಟು ನೋಡಿದೆ, ಹತ್ತಲಿಲ್ಲ. ಆಮೇಲೆ ಧನಿಯಾವನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಿದೆ. ಒಂಬತ್ತನೇ ದಿನ ಮೊಳಕೆ. ಏಪ್ರಿಲ್ ಬಿಸಿಲಿಗೆ ಗೇಣುದ್ದ ಆಗುವಷ್ಟರಲ್ಲಿ ಹೂವಿಗೆ ತಿರುಗಿತು. ಹಾಗಾಗಿ ಬೇಸಿಗೆಯಲ್ಲಿ ತೋಟದ ಕೊತ್ತಂಬರಿ ಬೇಕೇ ಬೇಕು.

ನೀವು ತರಿಸುವುದಾದರೆ ಆರ್ಡರ್ ಕೊಡುವಾಗಲೇ ‘ತೊಳೆಯಬೇಡಿ, ಬೇರು ಇರಲಿ’ ಅಂತ ಹೇಳಿ. ಕೇಳಿದವರಿಗೆ ಈಗ ಬೇರೆಯಾಗಿಯೇ ಕಟ್ಟುತ್ತಿದ್ದಾರೆ. ಮೊನ್ನೆ ಶನಿವಾರ ಪೇಪರ್ ಬಿಚ್ಚಿದರೆ ಸಬ್ಬಸಿಗೆ ಬೇರಲ್ಲಿ ಕೆಂಪು ಮಣ್ಣಿತ್ತು. ಕೊತ್ತಂಬರಿ ಮಾತ್ರ ಇನ್ನೂ ಡಬ್ಬಿಯಲ್ಲೇ ಬರುತ್ತಿದೆ.