ಬೀದಿದೀಪ, ಸೌರ ಚಾವಣಿ, ವಿದ್ಯುತ್ ಬಸ್: ನಗರ ಮೊದಲು ಯಾವುದಕ್ಕೆ ಕೈಹಾಕಬೇಕು?

ಹಸಿರು ಇಂಧನದತ್ತ ಹೊರಳುತ್ತೇವೆಂದು ನಗರಾಡಳಿತ ಮಾತು ಕೊಟ್ಟಾಗಿದೆ. ಹಣ ಮಾತ್ರ ಒಂದೇ ಕೆಲಸಕ್ಕಾಗುವಷ್ಟಿದೆ, ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಎಲ್‌ಇಡಿ ಬೀದಿದೀಪವೇ ಹಗುರ. ಹಳೆಯ ಸೋಡಿಯಂ ದೀಪ ತೆಗೆದು ಇದನ್ನು ಹಾಕಿದರೆ ವಿದ್ಯುತ್ ಬಳಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಉಳಿತಾಯ ಮುಂದಿನ ಬಿಲ್ಲಿನಲ್ಲೇ ಕಾಣುತ್ತದೆ. ಸೌರ ಫಲಕಕ್ಕೆ ಬಂಡವಾಳ ಹೆಚ್ಚು, ಬಸ್ಸಿಗೆ ಇನ್ನೂ ಹೆಚ್ಚು. ಡಿಪೋದಲ್ಲಿ ಚಾರ್ಜಿಂಗ್ ವ್ಯವಸ್ಥೆಯ ಖರ್ಚು ಬೇರೆ.

ಬಾಳಿಕೆಯ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಒಳ್ಳೆಯ ಫಲಕ 25 ವರ್ಷ ದುಡಿಯುತ್ತದೆ. ಉತ್ಪಾದನೆ ವರ್ಷಕ್ಕೆ ಶೇ 0.5ರ ಆಸುಪಾಸಿನಲ್ಲಿ ತಗ್ಗುತ್ತದೆ, ಅಷ್ಟೇ. ಆದರೆ ಫಲಕದ ವಿದ್ಯುತ್ತನ್ನು ಬಳಕೆಗೆ ಒಗ್ಗುವಂತೆ ಬದಲಿಸುವ ಇನ್ವರ್ಟರನ್ನು 10–15 ವರ್ಷಕ್ಕೊಮ್ಮೆ ಬದಲಿಸಬೇಕು. ಈ ಖರ್ಚನ್ನು ಬಜೆಟ್ಟಿನಲ್ಲಿ ಮರೆಯುವುದು ಸುಲಭ. ಫಲಕದ ಧೂಳು ಒರೆಸುವವರು ಯಾರು ಎಂಬುದೂ ಟೆಂಡರಿನಲ್ಲೇ ಇರಲಿ. ಉದ್ಘಾಟನೆಯ ದಿನ ಬಂದ ಜನ ಆಮೇಲೆ ಚಾವಣಿ ಹತ್ತುವುದಿಲ್ಲ! ಎಲ್‌ಇಡಿಯಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಡ್ರೈವರ್, ಅಂದರೆ ದೀಪಕ್ಕೆ ಹದವಾದ ವಿದ್ಯುತ್ ಒದಗಿಸುವ ಬಿಡಿಭಾಗ. ಬಸ್ಸಿನಲ್ಲಿ ಬ್ಯಾಟರಿಯೇ ದೊಡ್ಡ ಪ್ರಶ್ನೆ.

ಪರಿಸರದ ಮಟ್ಟಿಗೆ, ರಸ್ತೆಯ ಹೊಗೆ, ಸದ್ದು ಎರಡನ್ನೂ ತಗ್ಗಿಸುವುದು ಬಸ್ ಮಾತ್ರ. ಆದರೆ ಗ್ರಿಡ್‌ಗೆ ಬರುವ ವಿದ್ಯುತ್ ಬಹುಪಾಲು ಕಲ್ಲಿದ್ದಲಿನದ್ದಾದರೆ ಇಂಗಾಲ ತಗ್ಗಿಸುವ ಲಾಭ ಕುಗ್ಗುತ್ತದೆ. ಇನ್ನು ಎಲ್‌ಇಡಿ ಕೊಳ್ಳುವುದಾದರೆ 3000 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆಯದು ಇರಲಿ (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ). ನೀಲಿ ಹೆಚ್ಚಿರುವ ಬಿಳಿ ಬೆಳಕು ನಿಶಾಚರ ಕೀಟಗಳಿಗೆ ಹಾನಿಕರ.

ಖಜಾನೆ ಬರಿದಾಗಿದ್ದು ಹಳೆಯ ದೀಪಗಳು ಇನ್ನೂ ಉರಿಯುತ್ತಿದ್ದರೆ ಬೀದಿದೀಪ ಹಿಡಿಯಿರಿ. ನೆರಳು ಬೀಳದ, ಗಟ್ಟಿಮುಟ್ಟಾದ ಸ್ವಂತ ಕಟ್ಟಡಗಳಿದ್ದು ಹಗಲಿನಲ್ಲೇ ವಿದ್ಯುತ್ ಬಳಕೆ ಹೆಚ್ಚಿದ್ದರೆ ಸೌರ. ಬಸ್ ಸಂಚಾರ ಈಗಾಗಲೇ ಚೆನ್ನಾಗಿದ್ದು ಗಾಳಿ ಹದಗೆಟ್ಟಿರುವ ಊರಿಗೆ ವಿದ್ಯುತ್ ಬಸ್. ಜನರೇ ಹತ್ತದ ಮಾರ್ಗಕ್ಕೆ ಅದನ್ನು ಬಿಟ್ಟರೆ ದುಡ್ಡು ದಂಡ.