ರೆಡಿಂಗ್‌ನ ನರ್ಸರಿಯಲ್ಲಿ ಮೂರು ವರ್ಷ: ‘ಬಿಸಿ’ ಅಂದರೆ ‘ಬ್ಯುಸಿ’ ಅಲ್ಲ

ಮಗಳು ಈ ನರ್ಸರಿಗೆ ಸೇರಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಹದಿನಾಲ್ಕು ತಿಂಗಳಿನವಳಿದ್ದಾಗ. ಬಿಟ್ಟಿದ್ದು 2025ರ ಆಗಸ್ಟ್‌ನಲ್ಲಿ, ಶಾಲೆಯ ರಿಸೆಪ್ಷನ್ ತರಗತಿಗೆ ಹೋಗುವ ಮುಂಚೆ. ವಾರಕ್ಕೆ ಮೂರು ದಿನ. ಊರು ಇಂಗ್ಲೆಂಡಿನ ರೆಡಿಂಗ್. ನರ್ಸರಿಯ ಹೆಸರು ಹಾಕುತ್ತಿಲ್ಲ, ದೂರುಗಳೂ ಇವೆ. ಅಂಗಳ, ಊಟ, ಮಲಗುವ ಕೋಣೆ ಎಲ್ಲ ಬೇರೆ ಕಡೆ ಇದ್ದ ಹಾಗೇ. ನಾನು ಬರೆಯಹೊರಟಿದ್ದು ಅವರ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿದ್ದ ಒಂದು ಮಾತಿನ ಬಗ್ಗೆ: ನಿಮ್ಮ ಮಗುವಿಗೇ ಹೊಂದುವ ಕಲಿಕೆಯ ಯೋಜನೆಯನ್ನು ನಿಮ್ಮ ಜೊತೆ ಕೂತು ಮಾಡುತ್ತೇವೆ.

ಕೂತರಾ? ಕೂತರು, ಕೆಲವು ಸಲ.

ಶುರುವಿನಲ್ಲಿ ‘ಆಲ್ ಅಬೌಟ್ ಮಿ’ ಅಂತ ನಾಲ್ಕು ಪುಟದ ಫಾರ್ಮ್ ಕೊಟ್ಟರು. ನಿದ್ದೆ, ಊಟ, ಅಲರ್ಜಿ, ಯಾವ ಆಟಿಕೆ ಇಲ್ಲದಿದ್ದರೆ ಅಳುತ್ತಾಳೆ. ಕೊನೆಗೆ ‘ಮನೆಯಲ್ಲಿ ಬಳಸುವ ಪದಗಳು’ ಎಂದು ಆರು ಗೆರೆ. ಮಮ್ಮು, ತಾಚಿ, ಉಚ್ಚೆ, ಬೇಡ, ಸಾಕು ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಹಾಕಿದೆ. ಆರನೆಯದಕ್ಕೆ ಏನೂ ಹೊಳೆಯಲಿಲ್ಲ, ಖಾಲಿ ಬಿಟ್ಟೆ.

ಒಂದು ವರ್ಷ ಏನೂ ತಕರಾರಿಲ್ಲ. ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಬೇಕು ಎನ್ನುವುದು ಅಲ್ಲಿನ ನಿಯಮ, ಅಷ್ಟು ಜನ ಇದ್ದರು. ಎರಡು ತುಂಬಿ ದೊಡ್ಡ ಕೋಣೆಗೆ ಹೋದ ತಿಂಗಳೇ, 2023ರ ಸೆಪ್ಟೆಂಬರ್‌ನಲ್ಲಿ, ಸರ್ಕಾರ ಆ ವಯಸ್ಸಿನವರಿಗೆ ನಾಲ್ಕು ಮಕ್ಕಳಿಗೊಬ್ಬರು ಇದ್ದದ್ದನ್ನು ಐದಕ್ಕೆ ಏರಿಸಿತು. ಅದಕ್ಕೋ ಏನೋ, ನರ್ಸರಿಯವರು ಮಗುವಿನ ಸುದ್ದಿ ಕಳಿಸುವ ಆಪ್‌ನಲ್ಲಿ ಫೋಟೋ ಜಾಸ್ತಿಯಾಯಿತು, ಮಾತು ಕಡಿಮೆಯಾಯಿತು. ‘ನೀರಿನಾಟ ಖುಷಿಪಟ್ಟಳು’ ಎಂಬ ಒಂದೇ ಸಾಲು ಹನ್ನೆರಡು ಫೋಟೋಗೆ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಆಪ್‌ನಲ್ಲಿ ಹೀಗೆ ಬಂತು: ಊಟದ ಹೊತ್ತಿಗೆ ತಾನು ‘ಬ್ಯುಸಿ’ ಎಂದು ಹೇಳಿ ತಟ್ಟೆ ದೂರ ತಳ್ಳುತ್ತಾಳೆ. ಮುಂದಿನ ಹೆಜ್ಜೆ: ಆಟ ನಿಲ್ಲಿಸಿ ಊಟಕ್ಕೆ ಬರುವುದನ್ನು ಅಭ್ಯಾಸ ಮಾಡಿಸುವುದು.

ನಾನೂ ಗಂಡನೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಕರುಳು ಚುರುಕ್ ಎಂದಿತು. ಕೂಸು ಪಾಪ ‘ಬಿಸಿ, ಬಿಸಿ’ ಅಂತ ಸೂಪು ಆರಲಿ ಎಂದು ಕಾಯುತ್ತಿದ್ದರೆ, ಇವರು ಅವಳಿಗೆ ಶಿಸ್ತು ಕಲಿಸುವ ಯೋಜನೆ ಹಾಕಿದ್ದರು!

ಮಾರನೇ ದಿನ ಅವಳ ಕೀ ಪರ್ಸನ್‌ಗೆ, ಅಂದರೆ ನರ್ಸರಿಯಲ್ಲಿ ಅವಳ ಜವಾಬ್ದಾರಿ ಹೊತ್ತವಳಿಗೆ, ಹೇಳಿದೆ. ಆಕೆ ಪೋಲೆಂಡಿನ ಹೆಣ್ಣುಮಗಳು. ಹಣೆ ಚಚ್ಚಿಕೊಂಡು, ಊಟ ಬಡಿಸುವ ಟ್ರಾಲಿಯ ಮೇಲೆ ‘ಬಿಸಿ ಅಂದರೆ ಹಾಟ್’ ಎಂದು ಚೀಟಿ ಅಂಟಿಸಿದಳು. ನಿಜವಾಗಿ ಜೊತೆ ಕೂತದ್ದು ಅಲ್ಲಿಂದ ಶುರು. ನವೆಂಬರ್‌ನಲ್ಲಿ ಎರಡು ವರ್ಷದ ಪ್ರಗತಿ ವರದಿ ಬರೆಯಬೇಕಿತ್ತು. ಐದು ವರ್ಷದವರೆಗಿನ ಮಕ್ಕಳ ಆರೈಕೆ, ಕಲಿಕೆಗೆ ಸರ್ಕಾರ ಹಾಕಿದ, 2008ರಿಂದ ಜಾರಿಯಲ್ಲಿರುವ ಇವೈಎಫ್‌ಎಸ್ ಚೌಕಟ್ಟಿನಲ್ಲಿ ಈಗ ಇದು ಕಡ್ಡಾಯ. ಮಾತು, ದೇಹದ ಬೆಳವಣಿಗೆ, ಜನರೊಡನೆ ಬೆರೆಯುವುದು ಎಂಬ ಮೂರರ ಮೇಲೆ. ಕರಡಿನಲ್ಲಿ ಮಾತು ಹಿಂದೆ ಬಿದ್ದಿದೆ ಎಂದಿತ್ತು, ನನಗೆ ಆ ರಾತ್ರಿ ನಿದ್ದೆ ಇಲ್ಲ. ಆದರೆ ಇಂಗ್ಲಿಷ್ ಕಡಿಮೆ ಇರುವ ಮಗುವಿಗೆ ಮನೆಮಾತಿನಲ್ಲಿ ಎಷ್ಟು ಬರುತ್ತದೆ ಎಂದು ತಂದೆತಾಯಿಯನ್ನು ಕೇಳಿ ನೋಡದೆ ಮಾತು ತಡ ಎಂದು ತೀರ್ಮಾನಿಸಬಾರದು ಎಂಬುದೂ ಅದೇ ಚೌಕಟ್ಟಿನಲ್ಲಿದೆ. ಆಕೆಗೆ ಅದು ಗೊತ್ತಿತ್ತು. ನನ್ನನ್ನು ಕೂರಿಸಿಕೊಂಡು ಕನ್ನಡದ ಮಾತುಗಳನ್ನು ಪಟ್ಟಿ ಮಾಡಿದಳು. ‘ಅಜ್ಜಿ ಫೋನಲ್ಲಿ ಇಲ್ಲ, ಹೋಯ್ತು’ ಎಂಬ ವಾಕ್ಯ ಹೇಳಿದಾಗ ಪೆನ್ನು ಕೆಳಗಿಟ್ಟು, ‘ಇವಳಿಗೆ ಮಾತು ಬರುತ್ತೆ, ನಮಗೆ ಕಿವಿ ಬರಬೇಕು’ ಅಂದಳು. ವರದಿ ಬದಲಾಯಿತು.

ಮುಂದಿನ ಮಾರ್ಚ್‌ನದು ನನಗೆ ಇನ್ನೂ ಇಷ್ಟ. ಮಗಳು ಮಫಿನ್ ಟಿನ್ನಿನ ಗುಳಿಗಳಿಗೆ ಒಂದೊಂದೇ ಕಲ್ಲು ಹಾಕುತ್ತಾ ಅರ್ಧ ಗಂಟೆ ಕೂರುತ್ತಾಳೆ, ಮನೆಯಲ್ಲಿ ಇಂಥದ್ದೇನಾದರೂ ಇದೆಯಾ ಎಂದು ಕೀ ಪರ್ಸನ್ ಕೇಳಿದಳು. ಇತ್ತು: ಬೇಸಿಗೆಯಲ್ಲಿ ಬಂದಿದ್ದ ಅತ್ತೆ ಬಿಟ್ಟುಹೋದ ಅಳಗುಳಿ ಮಣೆ. ತೆಗೆದುಕೊಂಡು ಹೋದೆ. ಹುಣಸೆ ಬೀಜ ಗಂಟಲಲ್ಲಿ ಸಿಕ್ಕೀತು ಎಂದು ವಾಪಸು ಕಳಿಸಿ, ಮರದ ದಪ್ಪ ಮಣಿ ಇಟ್ಟುಕೊಂಡರು. ಎರಡು ವಾರ ಆ ಕೋಣೆಯ ಎಣಿಕೆಯೆಲ್ಲ ಅದರಲ್ಲೇ ನಡೆಯಿತು. ಹನ್ನೆರಡು ಗುಳಿಯ ಮಫಿನ್ ಟಿನ್ನಿಗೆ ಎರಡು ಕಪ್ ಸೇರಿಸಿ ಹದಿನಾಲ್ಕು ಮಾಡಿಕೊಂಡು ಇನ್ನೊಂದು ಗುಂಪು ಆಡುತ್ತಿದ್ದ ಫೋಟೋ ಅತ್ತೆಗೆ ಕಳಿಸಿದೆ. ‘ಬೀಜ ಬಿತ್ತೋದು ಎಡದಿಂದ ಬಲಕ್ಕೆ ಅಂತ ಹೇಳು’ ಅಂತ ಉತ್ತರ ಬಂತು.

ಮೇ ತಿಂಗಳಲ್ಲಿ ಆ ಕೀ ಪರ್ಸನ್ ಕೆಲಸ ಬಿಟ್ಟಳು. ನಮಗೆ ಗೊತ್ತಾಗಿದ್ದು ಆಪ್‌ನ ನೋಟಿಸಿನಿಂದ. ಹೊಸ ಕೀ ಪರ್ಸನ್ ಬರುವವರೆಗೆ ಏಜೆನ್ಸಿಯವರು ಬಂದು ಹೋಗುತ್ತಿದ್ದರು. ಜುಲೈನ ವರದಿಯ ಎರಡನೇ ಪ್ಯಾರಾದಲ್ಲಿ ಬೇರೆ ಮಗುವಿನ ಹೆಸರಿತ್ತು. ಅವನು ಟ್ರೇನಿನ ಆಟ ಬಹಳ ಆಡುತ್ತಾನಂತೆ. ಮ್ಯಾನೇಜರು ಕ್ಷಮೆ ಕೇಳಿದರು, ತಿದ್ದಿದ ಪ್ರತಿ ಬಂತು. ಅದರಲ್ಲಿ ಹೆಸರು ಮಾತ್ರ ನಮ್ಮದು, ಟ್ರೇನು ಹಾಗೇ ಇತ್ತು. ಟ್ರಾಲಿಯ ಚೀಟಿ ಯಾವಾಗ ಬಿದ್ದುಹೋಯಿತೋ ಯಾರಿಗೂ ಗೊತ್ತಿಲ್ಲ.

ಹಣದ ಮಾತು. ದಿನಕ್ಕೆ 72 ಪೌಂಡ್ ಇದ್ದದ್ದು ಬಿಡುವ ಹೊತ್ತಿಗೆ 86. ನಮ್ಮಂತೆ ವೀಸಾದಲ್ಲಿರುವವರು ಗಮನಿಸಿ: ಇಬ್ಬರಿಗೂ ಸರ್ಕಾರಿ ನೆರವಿನ ಹಕ್ಕಿಲ್ಲದಿದ್ದರೆ ದುಡಿಯುವ ತಂದೆತಾಯಿಗೆಂದು ಇರುವ, ಸರ್ಕಾರ ದುಡ್ಡು ಕೊಡುವ ನರ್ಸರಿಯ ಉಚಿತ ಗಂಟೆ ಸಿಗುವುದಿಲ್ಲ. ಮೂರು ತುಂಬಿದ ಮೇಲಿನ ಟರ್ಮ್‌ನಿಂದ ಎಲ್ಲರಿಗೂ ಇರುವ ವಾರಕ್ಕೆ 15 ಗಂಟೆ ಸಿಗುತ್ತದೆ, ಅದೂ ವರ್ಷದ 38 ವಾರಕ್ಕೆ. ನಮ್ಮ ನರ್ಸರಿ ಆ 570 ಗಂಟೆಯನ್ನು 51 ವಾರಕ್ಕೆ ಹಿಗ್ಗಿಸಿದಾಗ ವಾರಕ್ಕೆ ಬಂದದ್ದು ಹನ್ನೊಂದು ಗಂಟೆ ಚಿಲ್ಲರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಪೋಲೆಂಡಿನ ಹುಡುಗಿ ಇದ್ದ ಎಂಟು ತಿಂಗಳಿಗೆ ಐದಕ್ಕೆ ಐದು. ನೋಡಲು ಹೋದಾಗ ಆಟಿಕೆ, ಆಪ್ ತೋರಿಸುತ್ತಾರೆ. ಕೀ ಪರ್ಸನ್ ಬಿಟ್ಟು ಹೋದರೆ ಅವರಿಗೆ ಗೊತ್ತಿದ್ದದ್ದು ಮುಂದಿನವರಿಗೆ ಹೇಗೆ ತಲುಪುತ್ತದೆ ಎಂದು ಕೇಳಿ. ನಾನು ಕೇಳಿರಲಿಲ್ಲ.

ಮಗನನ್ನು ಜನವರಿಗೆ ಅಲ್ಲೇ ಹಾಕುತ್ತಿದ್ದೇವೆ. ಮನೆಯಿಂದ ಆರು ನಿಮಿಷದ ನಡಿಗೆ. ಅದೇ ನಾಲ್ಕು ಪುಟದ ಫಾರ್ಮ್, ಅದೇ ಆರು ಗೆರೆ. ಅವನಿಗಿನ್ನೂ ‘ಬಿಸಿ’ ಹೇಳಲು ಬರುವುದಿಲ್ಲ. ಮೊದಲನೇ ಗೆರೆಯಲ್ಲಿ ಅದನ್ನೇ ಬರೆದಿದ್ದೇನೆ.